ವಿಶ್ವಕಪ್ ನಡೆದ ಊರುಗಳಲ್ಲಿ ಕಂಡ ಬಯಲು

ಭಾರತದ ನೆಲದಲ್ಲಿ ಮೊದಲ ಬಾರಿಗೆ ಫಿಫಾ ಫುಟ್‌ಬಾಲ್ ಟೂರ್ನಿ ನಡೆದದ್ದು 2017ರ ಅಕ್ಟೋಬರ್‌ನಲ್ಲಿ. 17 ವರ್ಷದೊಳಗಿನ ಹುಡುಗರ ಆ ವಿಶ್ವಕಪ್‌ನ ಪಂದ್ಯಗಳು ದೆಹಲಿ, ಕೋಲ್ಕತ್ತ, ಕೊಚ್ಚಿ, ಗುವಾಹಟಿ, ಮಡಗಾಂವ್, ನವಿ ಮುಂಬೈಗೆ ಸಿಕ್ಕವು, ಕರ್ನಾಟಕಕ್ಕೆ ಸಿಗಲಿಲ್ಲ. ಆದರೆ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ಭಾರತದ ಮೊಟ್ಟಮೊದಲ ವಿಶ್ವಕಪ್ ಗೋಲು ಹೊಡೆದಾಗ, ಕಾರ್ನರ್‌ನಿಂದ ಚೆಂಡು ಒದಗಿಸಿದ್ದು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಮಳವಳ್ಳಿಯಲ್ಲಿ ಮಕ್ಕಳಿಗೆ ಆಟ ಕಲಿಸುವ ನನಗೆ ಆ ಊರುಗಳನ್ನು ಕಾಣುವ ಆಸೆ ಹುಟ್ಟಿದ್ದೇ ಆಗ. ರಜೆ ಸಿಕ್ಕಾಗ ಒಂದೊಂದಾಗಿ ನೋಡುತ್ತ ಬಂದೆ.

ಹೊರಡುವವರಿಗೆ ಮೊದಲ ಮಾತು: ಪಂದ್ಯವಿರುವ ದಿನವನ್ನೇ ಆರಿಸಿಕೊಳ್ಳಿ. ಉಳಿದ ದಿನ ದೊಡ್ಡ ಕ್ರೀಡಾಂಗಣಗಳ ಒಳಗೆ ಬಿಡುವುದು ಅಪರೂಪ. ಕೊಚ್ಚಿ ನಮಗೆ ಸಲೀಸು. ಮೈಸೂರಿನಿಂದ ಕೇರಳಕ್ಕೆ ಹೋಗುವ ರೈಲು ಮಂಡ್ಯದಲ್ಲೇ ಸಿಗುತ್ತದೆ. ಎರ್ನಾಕುಲಂನಲ್ಲಿ ಇಳಿದರೆ ಮೆಟ್ರೊ ಕಲೂರಿನ ಕ್ರೀಡಾಂಗಣದ ಹತ್ತಿರವೇ ಬಿಡುತ್ತದೆ. ಕೋಲ್ಕತ್ತದ ಸಾಲ್ಟ್‌ಲೇಕ್‌ಗೂ ಮೆಟ್ರೊ ಇದೆ. ಸ್ಪೇನ್ ಎದುರು 0-2 ಹಿಂದಿದ್ದ ಇಂಗ್ಲೆಂಡ್ 5-2ರಿಂದ ಫೈನಲ್ ಗೆದ್ದದ್ದು ಅಲ್ಲಿಯೇ.

ಎರಡನೆಯ ಮಾತು: ಕ್ರೀಡಾಂಗಣ ನೋಡಿ ಹಿಂದಿರುಗಬೇಡಿ, ಸಂಜೆ ಊರಿನ ಬಯಲಿಗೆ ಹೋಗಿ. ಫೋರ್ಟ್ ಕೊಚ್ಚಿಯ ವೇಲಿ ಮೈದಾನವನ್ನು ತಂಡಗಳ ಅಭ್ಯಾಸಕ್ಕೆಂದು ಸಜ್ಜುಗೊಳಿಸಿದ್ದರು. ಕೋಲ್ಕತ್ತದಲ್ಲಿ ‘ಮೈದಾನ’ ಎಂದೇ ಕರೆಯುವ ದೊಡ್ಡ ಬಯಲಿನಲ್ಲಂತೂ ನೂರು ವರ್ಷ ದಾಟಿದ ಕ್ಲಬ್‌ಗಳಿವೆ. ಮೋಹನ್ ಬಾಗಾನ್ ಶುರುವಾದದ್ದು 1889ರಲ್ಲಿ. ಕ್ಲಬ್ಬಿನ ಕಟ್ಟಡವನ್ನು ಜನ ಈಗಲೂ ‘ಟೆಂಟ್’ ಎಂದೇ ಕರೆಯುತ್ತಾರೆ. ಅಲ್ಲಿನ ಕ್ಯಾಂಟೀನಿನ ಬೆಂಚಿನ ಮೇಲೆ ವಯಸ್ಸಾದವರು ಬಿಸಿ ಸ್ಟ್ಯೂಗೆ ಟೋಸ್ಟ್ ಅದ್ದಿಕೊಂಡು ಹಳೆಯ ಪಂದ್ಯದ ಬಗ್ಗೆ ವಾದಕ್ಕಿಳಿದಿದ್ದರು. ಹತ್ತು ಹೆಜ್ಜೆ ಆಚೆ ಬರಿಗಾಲಿನ ಹುಡುಗರು ಚಪ್ಪಲಿಗಳನ್ನೇ ಗೋಲುಕಂಬ ಮಾಡಿಕೊಂಡು ಆಡುತ್ತಿದ್ದರು. ಅವರಿಗೆ ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ವಿಶ್ವಕಪ್‌ಗೆ 13 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದದ್ದು ದಾಖಲೆ. ಅಂಥ ಜನ ಒಂದು ಟೂರ್ನಿಯಿಂದ ಹುಟ್ಟುವುದಿಲ್ಲ, ದಿನಾ ಸಂಜೆ ಆಡಿದ ತಲೆಮಾರುಗಳಿಂದ ಹುಟ್ಟುತ್ತಾರೆ. ನಮ್ಮ ಕಡೆ ಕಬಡ್ಡಿ ಉಳಿದದ್ದೂ ಹಾಗೆಯೇ, ಊರ ಮುಂದಿನ ಮಣ್ಣಿನಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲಾ ಮೈದಾನಗಳನ್ನು ಶಾಲೆ ಬಿಟ್ಟ ಮೇಲೂ ಕತ್ತಲಾಗುವವರೆಗೆ ತೆರೆದಿಡೋಣ. ಚೆಂಡು ಹೇಗಾದರೂ ಹೊಂದಿಸಬಹುದು. ಆಡುವ ಜಾಗ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ.