ಎಣ್ಣೆ ಸೋರುವ ಯಂತ್ರಗರಗಸ



ನಮ್ಮ ಮುಂಬಯಿಯಲ್ಲಿ ಮಳೆಗಾಲವು ಕಾಲಿಟ್ಟಿತೆಂದರೆ ಬೀದಿಬದಿಯ ಮರಗಳು ಉರುಳುವುದು ಪ್ರತಿವರ್ಷದ ಸಂಗತಿ. ಗುಲ್‌ಮೊಹರ್ ಮರವೊಂದು ದಾರಿಗೆ ಅಡ್ಡಬಿದ್ದಾಗ ಅಗ್ನಿಶಾಮಕ ದಳದವರು ಬಂದು, ಕೈಯಲ್ಲಿ ಹಿಡಿಯುವ ಯಂತ್ರಗರಗಸದಿಂದ ಅದನ್ನು ತುಂಡುತುಂಡಾಗಿ ಕೊಯ್ದು ದಾರಿಯನ್ನು ತೆರವು ಮಾಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕಳೆದ ಮಳೆಗಾಲದಲ್ಲಿ ಇಂತಹ ನೋಟವನ್ನು ಕಂಡುಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮರುದಿನ ಎದ್ದು ನಿಂತು ಕೇಳಿದನು: “ಸರ್, ಕೆಲಸ ಮುಗಿದ ಮೇಲೆ ಅವರು ಆ ಗರಗಸವನ್ನು ನಮ್ಮ ಚಾಳಿನ ಮೆಟ್ಟಿಲ ಮೇಲೆ ಇಟ್ಟಿದ್ದರು. ಅದರ ಕೆಳಗೆ ಎಣ್ಣೆಯ ಕಲೆಯಾಯಿತು. ಆ ಯಂತ್ರ ಕೆಟ್ಟಿದೆಯೇ?”

ಪ್ರಶ್ನೆಯು ಚಿಕ್ಕದು, ಉತ್ತರವು ಅಷ್ಟು ಚಿಕ್ಕದಲ್ಲ. ಇದೇ ವಿಷಯದಲ್ಲಿ ನಾನು ಒಮ್ಮೆ ಅವಸರಪಟ್ಟು ಒಬ್ಬ ಬಡವನ ಕಾಲಿಗೇ ಅಪಾಯವನ್ನು ತಂದಿದ್ದೆನು. ಆದುದರಿಂದ ಈ ಪಾಠವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಯಂತ್ರದ ರಚನೆ

ಯಂತ್ರಗರಗಸದಲ್ಲಿ ಮುಖ್ಯವಾದ ಭಾಗಗಳು ಮೂರು. ಮೊದಲನೆಯದು ಎಂಜಿನು, ಎರಡನೆಯದು ಮುಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಚಪ್ಪಟೆಯಾದ ಬಾರ್, ಮೂರನೆಯದು ಆ ಬಾರಿನ ಅಂಚನ್ನು ಸುತ್ತಿ ಓಡುವ ಹಲ್ಲುಗಳುಳ್ಳ ಸರಪಳಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವರು ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಗರಗಸವನ್ನೂ ೧೯೨೯ರಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸವನ್ನೂ ನಿರ್ಮಿಸಿದರು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬವರು ೧೯೪೬ರಲ್ಲಿ ಮರವನ್ನು ಕೊರೆಯುವ ದುಂಬಿಯ ಮರಿಹುಳುವನ್ನು ಕಂಡು, ಅದರ ದವಡೆಗಳು ಎಡಕ್ಕೂ ಬಲಕ್ಕೂ ಆಡುವ ಬಗೆಯನ್ನು ಗಮನಿಸಿ, ಅದೇ ಮಾದರಿಯಲ್ಲಿ ಸರಪಳಿಯ ಹಲ್ಲುಗಳನ್ನು ರೂಪಿಸಿದರು. ಇಂದಿನ ಸರಪಳಿಗಳು ಬಹುಮಟ್ಟಿಗೆ ಆ ವಂಶದವೇ.

ಪೂರ್ಣ ವೇಗದಲ್ಲಿ ಈ ಸರಪಳಿಯು ಸೆಕೆಂಡಿಗೆ ಸುಮಾರು ೨೦ ಮೀಟರು, ಎಂದರೆ ಗಂಟೆಗೆ ೭೨ ಕಿಲೋಮೀಟರು ಓಡುತ್ತದೆ. ಉಕ್ಕಿನ ಮೇಲೆ ಉಕ್ಕು ಅಷ್ಟು ವೇಗದಿಂದ ಉಜ್ಜಿದರೆ ಎಷ್ಟು ಶಾಖ ಹುಟ್ಟೀತೆಂಬುದನ್ನು ನೀವೇ ಊಹಿಸಬಹುದು. ಈ ಘರ್ಷಣೆಯನ್ನು ಕಡಮೆ ಮಾಡಲು ಸರಪಳಿಗೆ ಸದಾ ಎಣ್ಣೆ ಬೇಕು. ಎಂಜಿನಿಗೆ ಹಾಕುವ ಪೆಟ್ರೋಲಿನ ಮಿಶ್ರಣವೇ ಬೇರೆ, ಈ ಎಣ್ಣೆಯೇ ಬೇರೆ. ಎರಡಕ್ಕೂ ಬೇರೆ ಬೇರೆ ತೊಟ್ಟಿಗಳಿವೆ. ತೊಟ್ಟಿಯಲ್ಲಿನ ಎಣ್ಣೆಯು ಒಂದು ಸೋಸುಕದ ಮೂಲಕ ರಬ್ಬರ್ ನಳಿಕೆಯನ್ನು ಸೇರುತ್ತದೆ. ಅಲ್ಲಿಂದ ಚಿಕ್ಕ ಪಂಪಿಗೆ ಬರುತ್ತದೆ. ಪಂಪು ಅದನ್ನು ಬಾರಿನ ಬುಡದಲ್ಲಿರುವ ತೂತಿಗೆ ತಳ್ಳುತ್ತದೆ. ಬಾರಿನ ಅಂಚಿನ ಉದ್ದಕ್ಕೂ ಸಣ್ಣ ಕಾಲುವೆಯೊಂದಿದೆ. ಸರಪಳಿಯು ಎಣ್ಣೆಯನ್ನು ಆ ಕಾಲುವೆಯಲ್ಲಿ ಎಳೆದುಕೊಂಡು ತುದಿಯವರೆಗೆ ಒಯ್ಯುತ್ತದೆ.

ಹೀಗೆ ಹೋದ ಎಣ್ಣೆಯು ತೊಟ್ಟಿಗೆ ಹಿಂದಿರುಗುವುದಿಲ್ಲವೆಂಬುದನ್ನು ಮರೆಯಬಾರದು. ಅದು ಮರದ ಹುಡಿಯೊಡನೆ ಹೊರಗೆ ಚಿಮ್ಮಿಹೋಗುತ್ತದೆ. ಎಣ್ಣೆಯನ್ನು ಕಳೆದುಕೊಳ್ಳುವುದು ಈ ಯಂತ್ರದ ಧರ್ಮ. ಎಲ್ಲಿ ಕಳೆದುಕೊಳ್ಳುತ್ತದೆ, ಯಾವಾಗ ಕಳೆದುಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಎಲ್ಲ ಹನಿಯೂ ದೋಷವಲ್ಲ

ಕೆಲಸ ಮುಗಿದು ಯಂತ್ರವು ನಿಂತಾಗ ಸರಪಳಿಯಲ್ಲಿಯೂ ಬಾರಿನ ಕಾಲುವೆಯಲ್ಲಿಯೂ ಎಣ್ಣೆ ಉಳಿದಿರುತ್ತದೆ. ಎಣ್ಣೆ ಹಿಡಿದ ಹುಡಿಯು ಮುಚ್ಚಳದೊಳಗೆ ಮುದ್ದೆಗಟ್ಟಿರುತ್ತದೆ. ಇವೆಲ್ಲ ಮೆಲ್ಲಗೆ ಇಳಿದು ನೆಲದ ಮೇಲೆ ಕಲೆ ಮಾಡುವುದು ಸಹಜ. ಈ ಕಲೆ ಸ್ವಲ್ಪ ಹೊತ್ತು ಬೆಳೆದು ನಿಂತುಬಿಡುತ್ತದೆ. ಒರಸಿ ಇಟ್ಟ ಮೇಲೂ ಹನಿಯುತ್ತಲೇ ಇದ್ದರೆ, ತೊಟ್ಟಿಯ ಮಟ್ಟವೇ ಇಳಿಯುತ್ತ ಹೋದರೆ, ಆಗ ದೋಷವಿದೆಯೆಂದು ತಿಳಿಯಬೇಕು.

ಬಿಸಿಲು ಕೂಡ ಹೀಗೆ ಮಾಡುವುದುಂಟು. ಅರ್ಧ ತುಂಬಿದ ತೊಟ್ಟಿಯನ್ನು ಬಿಸಿಲಿನಲ್ಲಿ ಇಟ್ಟರೆ ಒಳಗಿನ ಗಾಳಿಯು ಹಿಗ್ಗಿ ಎಣ್ಣೆಯನ್ನು ಒತ್ತುತ್ತದೆ. ಎಂಜಿನು ನಿಂತಿದ್ದರೂ ಎಣ್ಣೆಯು ಪಂಪನ್ನು ದಾಟಿ ಬಾರಿನ ಬುಡದಲ್ಲಿ ಒಸರುತ್ತದೆ. ಯಂತ್ರವು ತಣ್ಣಗಾದ ಮೇಲೆ ತೊಟ್ಟಿಯ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಒತ್ತಡವನ್ನು ಕಳೆದು ಮತ್ತೆ ಬಿಗಿದರೆ ಇದು ನಿಲ್ಲುತ್ತದೆ.

ಗಾಳಿಕಂಡಿಯ ಮಹತ್ವ

ಕಿರಾಣಿ ಅಂಗಡಿಯವನು ಎಣ್ಣೆಯ ಡಬ್ಬವನ್ನು ತೆರೆಯುವುದನ್ನು ನೀವು ನೋಡಿದ್ದೀರಾ? ಆತನು ಒಂದು ತೂತು ಕೊರೆದು ಸುಮ್ಮನಾಗುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ತೂತನ್ನೂ ಕೊರೆಯುತ್ತಾನೆ. ಒಂದರಿಂದ ಎಣ್ಣೆ ಹೊರಗೆ ಬರಬೇಕಾದರೆ ಮತ್ತೊಂದರಿಂದ ಗಾಳಿ ಒಳಗೆ ಹೋಗಬೇಕು. ಇಲ್ಲದಿದ್ದರೆ ಒಳಗಿನ ಗಾಳಿಯ ಒತ್ತಡವು ಕುಗ್ಗಿ, ಎಣ್ಣೆಯು ತಡೆತಡೆದು ಬಂದು ಕೊನೆಗೆ ನಿಂತೇ ಹೋಗುತ್ತದೆ. ಯಂತ್ರಗರಗಸದ ತೊಟ್ಟಿಗೂ ಇಂತಹ ಗಾಳಿಕಂಡಿಯೊಂದಿದೆ. ಅದರಲ್ಲಿ ಪುಟ್ಟ ಕವಾಟವೊಂದಿದ್ದು, ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಎಣ್ಣೆಯನ್ನು ಹೊರಕ್ಕೆ ಬಿಡುವುದಿಲ್ಲ.

ಇದನ್ನು ತಿಳಿಯದೆ ನಾನು ಮಾಡಿದ ತಪ್ಪನ್ನು ಈಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ರಜೆಯಲ್ಲಿ ತೀರ್ಥಹಳ್ಳಿಯ ಕಡೆಯ ನನ್ನ ಅಕ್ಕನ ಮನೆಗೆ ಹೋಗಿದ್ದೆನು. ಭಾವನವರಿಗೆ ಅಡಿಕೆಯ ತೋಟವಿದೆ. ಕೊಟ್ಟಿಗೆಯಲ್ಲಿಟ್ಟಿದ್ದ ಅವರ ಯಂತ್ರಗರಗಸವು ರಾತ್ರಿಯೆಲ್ಲ ಸೋರಿ, ಕೆಳಗಿದ್ದ ಗೋಣಿಚೀಲವನ್ನು ತೋಯಿಸಿತ್ತು. “ವಿಜ್ಞಾನದ ಮೇಷ್ಟ್ರು ಬಂದಿದ್ದೀರಿ, ನೋಡಿ” ಎಂದರು ಭಾವ. ನಾನು ನೋಡಿದೆನು. ಬಾರಿನ ಬುಡದ ಬಳಿ ಒಂದು ಸಣ್ಣ ತೂತಿನಿಂದ ಎಣ್ಣೆ ಜಿನುಗುತ್ತಿತ್ತು. ಆ ತೂತು ಅಲ್ಲಿ ಏಕಿದೆಯೆಂದು ಕೇಳಿಕೊಳ್ಳಲಿಲ್ಲ. ಸೋರುವ ನಲ್ಲಿಗೆ ಮೆತ್ತುವ ಗಟ್ಟಿ ಅಂಟನ್ನು ತಂದು ಅದನ್ನು ಮುಚ್ಚಿಬಿಟ್ಟೆನು. ಸೋರುವುದು ನಿಂತಿತು. ನನಗೆ ಬಹಳ ಸಂತೋಷವಾಯಿತು.

ಮರುದಿನ ತೋಟದ ಆಳು ಉರುಳಿದ ಹಲಸಿನ ಮರವನ್ನು ಕೊಯ್ಯತೊಡಗಿದನು. ಸ್ವಲ್ಪ ಹೊತ್ತಿನಲ್ಲಿ ಬಾರಿನಿಂದ ಹೊಗೆಯೆದ್ದಿತು. ಸುಟ್ಟ ವಾಸನೆ ಬಂದಿತು. ಆತನು ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ, ಕಾದು ಸಡಿಲಗೊಂಡಿದ್ದ ಸರಪಳಿಯು ಬಾರಿನಿಂದ ಕಳಚಿ ಹಿಂದಕ್ಕೆ ಬೀಸಿತು. ಯಂತ್ರದ ಕೆಳಗೆ ಇಂತಹ ಸಮಯಕ್ಕೆಂದೇ ಇರುವ ಕೊಕ್ಕೆಗೆ ತಗುಲಿ ನಿಂತಿತು. ಆ ಕೊಕ್ಕೆ ಇಲ್ಲದಿದ್ದರೆ ಆತನ ಕಾಲಿನ ಗತಿ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಭಾವನವರು ಕೋಪಿಸಿಕೊಳ್ಳಲಿಲ್ಲ. “ಸೋರುವುದೂ ನಿಂತಿತು, ಹರಿಯಬೇಕಾದದ್ದೂ ನಿಂತಿತಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿದರು.

ನಾನು ಮುಚ್ಚಿದ್ದು ಗಾಳಿಕಂಡಿಯನ್ನು. ಒಳಗೆ ಗಾಳಿ ಹೋಗದೆ ಪಂಪಿಗೆ ಎಣ್ಣೆ ದೊರೆಯಲಿಲ್ಲ. ಸರಪಳಿಯು ಒಣಗಿ ಓಡಿತು. ಪೇಟೆಯ ಮೆಕ್ಯಾನಿಕನು ಅಂಟನ್ನು ಕಿತ್ತು ತೋರಿಸಿದಾಗ ನಿಜವಾದ ದೋಷ ತಿಳಿಯಿತು: ಕಡಲೆಕಾಳಿನಷ್ಟು ದೊಡ್ಡ ರಬ್ಬರಿನ ಕವಾಟವು ಹರಿದಿತ್ತು. ಅದನ್ನು ಬದಲಾಯಿಸಿದೊಡನೆ ಎಲ್ಲವೂ ಸರಿಹೋಯಿತು.

ದೋಷವನ್ನು ಹುಡುಕುವ ಕ್ರಮ

ಈ ಕೆಲಸವು ತರಬೇತಿ ಪಡೆದ ದೊಡ್ಡವರದು. ನೀವು ದೂರದಿಂದ ನೋಡಿ ಕಲಿಯತಕ್ಕದ್ದು. ಮೊಟ್ಟಮೊದಲು ಎಂಜಿನನ್ನು ನಿಲ್ಲಿಸಿ ತಣ್ಣಗಾಗಲು ಬಿಟ್ಟು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಬ್ಯಾಟರಿಯ ಯಂತ್ರವಾದರೆ ಬ್ಯಾಟರಿಯನ್ನು ತೆಗೆಯಬೇಕು. ನಿಂತ ಸರಪಳಿಯೂ ಕೈಯನ್ನು ಕೊಯ್ಯಬಲ್ಲದು, ಕೈಗವಸು ಅವಶ್ಯ.

೧. ಸೋರುವುದು ಎಣ್ಣೆಯೋ ಪೆಟ್ರೋಲೋ ಎಂದು ನೋಡಬೇಕು. ಪೆಟ್ರೋಲಿಗೆ ಕಟುವಾದ ವಾಸನೆಯಿದೆ. ಅದು ಬೇಗ ಆರಿಹೋಗುತ್ತದೆ. ಪೆಟ್ರೋಲಾದರೆ ಬೆಂಕಿಯ ಭಯವಿರುವುದರಿಂದ ಯಂತ್ರವನ್ನು ಹೊರಗಿಟ್ಟು ಮೆಕ್ಯಾನಿಕನಿಗೆ ಒಪ್ಪಿಸಬೇಕು.

೨. ಬಾರನ್ನೂ ಸರಪಳಿಯನ್ನೂ ಬಿಚ್ಚಿ, ಹುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು, ಯಂತ್ರವನ್ನು ಒರಸಿ, ಹಳೆಯ ವೃತ್ತಪತ್ರಿಕೆಯ ಮೇಲೆ ರಾತ್ರಿಯಿಡೀ ಇಡಬೇಕು. ಬೆಳಗ್ಗೆ ಕಾಗದವು ಶುಚಿಯಾಗಿದ್ದರೆ ಮೊದಲು ಕಂಡದ್ದು ಉಳಿಕೆಯ ಎಣ್ಣೆ ಮಾತ್ರ. ಕಲೆಯಿದ್ದರೆ ಅದು ಯಾವ ಭಾಗದ ಕೆಳಗಿದೆಯೆಂದು ಗುರುತಿಸಬೇಕು.

೩. ಕಲೆಯು ಮುಚ್ಚಳದ ಕೆಳಗಿದ್ದರೆ, ಮುಚ್ಚಳದ ರಬ್ಬರ್ ಬಳೆ ಹರಿದಿದೆಯೇ, ತಿರುಪಿನಲ್ಲಿ ಹುಡಿ ಕುಳಿತಿದೆಯೇ ಎಂದು ನೋಡಬೇಕು.

೪. ಕೊಯ್ಯುವಾಗ ಮಾತ್ರ ಬಾರಿನ ಬುಡದಿಂದ ಎಣ್ಣೆ ಚೆಲ್ಲುತ್ತಿದ್ದರೆ, ಬಾರಿನ ತೂತೂ ಕಾಲುವೆಯೂ ಹುಡಿಯಿಂದ ಮುಚ್ಚಿರಬಹುದು. ದಾರಿ ಕಟ್ಟಿದ ಎಣ್ಣೆಯು ಪಕ್ಕಕ್ಕೆ ನುಗ್ಗುತ್ತದೆ. ಇದು ಅತ್ಯಂತ ಮೋಸದ ದೋಷ. ನೋಡಿದರೆ ಎಣ್ಣೆ ಹೆಚ್ಚಾದಂತೆ ಕಾಣುತ್ತದೆ, ಆದರೆ ಸರಪಳಿಗೆ ಎಣ್ಣೆಯೇ ಇರುವುದಿಲ್ಲ. ತೆಳು ತಂತಿಯಿಂದ ತೂತನ್ನೂ ಕಾಲುವೆಯನ್ನೂ ಬಿಡಿಸಿ, ಬಾರನ್ನು ನೆಟ್ಟಗೆ ಕೂಡಿಸಿ ನಟ್ಟುಗಳನ್ನು ಬಿಗಿಯಬೇಕು.

೫. ಎಣ್ಣೆಯ ಗುಣವನ್ನು ಪರೀಕ್ಷಿಸಬೇಕು. ಸರಪಳಿಯ ಎಣ್ಣೆಯು ಅಂಟಾಗಿರುತ್ತದೆ. ಅಗ್ಗವೆಂದು ವಾಹನಗಳ ಸುಟ್ಟ ಎಣ್ಣೆಯನ್ನು ಹಾಕಿದರೆ ಅದು ಬೇಗ ಸೋರುತ್ತದೆ. ಅದರಲ್ಲಿನ ಲೋಹದ ಕಣಗಳು ಪಂಪನ್ನು ಸವೆಸುತ್ತವೆ. ಮಣ್ಣಿಗೂ ಬಾವಿಗೂ ವಿಷ ಸೇರುತ್ತದೆ. ಕೆಲವು ಯಂತ್ರಗಳಲ್ಲಿ ಎಣ್ಣೆಯ ಪ್ರಮಾಣವನ್ನು ಹೊಂದಿಸುವ ತಿರುಪಿದೆ. ಅದು ಅತಿಯಾಗಿ ತೆರೆದಿದೆಯೇ ಎಂದೂ ನೋಡಬೇಕು.

೬. ಇಷ್ಟಾದ ಮೇಲೂ ಸೋರಿದರೆ ಗಾಳಿಕಂಡಿಯ ಕವಾಟ, ಬಿರುಕುಬಿಟ್ಟ ರಬ್ಬರ್ ನಳಿಕೆ, ಪಂಪು ಇವುಗಳನ್ನು ಮೆಕ್ಯಾನಿಕನು ಬಿಚ್ಚಿ ನೋಡಬೇಕು. ಸುಲಭವಾದದ್ದನ್ನು ಮೊದಲು, ಕಷ್ಟವಾದದ್ದನ್ನು ಕೊನೆಗೆ ಎಂಬುದೇ ಇಲ್ಲಿಯ ನಿಯಮ.

೭. ದುರಸ್ತಿಯ ಅನಂತರ, ಸೋರುವುದು ನಿಂತಿತೆಂದು ತೃಪ್ತರಾಗಬಾರದು. ಎಣ್ಣೆ ಹರಿಯುತ್ತಿದೆಯೇ ಎಂದೂ ನೋಡಬೇಕು. ಓಡುವ ಸರಪಳಿಯ ತುದಿಯನ್ನು ಬಿಳಿಯ ಕಾಗದದ ಕಡೆಗೆ, ತಗುಲದಂತೆ ಹಿಡಿದರೆ ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಪೆಟ್ರೋಲಿನ ತೊಟ್ಟಿ ಬರಿದಾಗುವ ಹೊತ್ತಿಗೆ ಎಣ್ಣೆಯ ತೊಟ್ಟಿಯಲ್ಲಿ ಸ್ವಲ್ಪ ಮಾತ್ರ ಉಳಿದಿರಬೇಕು. ಮೊದಲೇ ಬರಿದಾದರೆ ಸೋರಿಕೆಯುಂಟು. ಇಳಿಯದೆಯೇ ನಿಂತಿದ್ದರೆ ಸರಪಳಿಯು ಒಣಗಿ ಓಡುತ್ತಿದೆ.

ನಾನು ಈ ಏಳನೆಯದೊಂದನ್ನು ಮಾಡಿದ್ದರೂ ಸಾಕಿತ್ತು. ಆ ದಿನ ತೋಟದಲ್ಲಿ ಹೊಗೆಯೇಳುತ್ತಿರಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನಾನು ಅವನಿಗೆ ಉತ್ತರವನ್ನು ಕೊಡದೆ ಮರುಪ್ರಶ್ನೆಯನ್ನು ಕೇಳಿದೆನು: “ಕಲೆಯು ಎಷ್ಟು ದೊಡ್ಡದಿತ್ತು? ಬೆಳೆಯುತ್ತಿತ್ತೋ, ನಿಂತಿತ್ತೋ? ಯಾವ ಭಾಗದ ಕೆಳಗಿತ್ತು?” ಅವನು ತಲೆ ತಗ್ಗಿಸಿ, “ಅದನ್ನು ನೋಡಲಿಲ್ಲ ಸರ್” ಎಂದನು. ತಲೆ ತಗ್ಗಿಸಬೇಕಾದುದೇನೂ ಇಲ್ಲ. ತೀರ್ಥಹಳ್ಳಿಯಲ್ಲಿ ಅವನ ಮೇಷ್ಟ್ರೂ ನೋಡಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವನು ನೋಡಿಯೇ ನೋಡುವನೆಂಬ ಭರವಸೆ ನನಗಿದೆ.

ಅಭ್ಯಾಸ

೧. ಸರಪಳಿಯ ಎಣ್ಣೆಯು ತೊಟ್ಟಿಯಿಂದ ಬಾರಿನ ತುದಿಯವರೆಗೆ ಸಾಗುವ ದಾರಿಯನ್ನು ಚಿತ್ರದೊಡನೆ ವಿವರಿಸಿರಿ.

೨. ಮುಚ್ಚಳವಿರುವ ಖಾಲಿ ಡಬ್ಬವೊಂದರಲ್ಲಿ ನೀರು ತುಂಬಿ, ಮುಚ್ಚಳಕ್ಕೆ ಮೊದಲು ಒಂದು ತೂತು, ಅನಂತರ ಎರಡು ತೂತು ಮಾಡಿ ಬಗ್ಗಿಸಿ ನೋಡಿರಿ. ಕಂಡ ವ್ಯತ್ಯಾಸಕ್ಕೆ ಕಾರಣವನ್ನು ಬರೆಯಿರಿ.

೩. ಎಣ್ಣೆ ಹೊರಗೆ ಚೆಲ್ಲುತ್ತಿರುವಾಗಲೇ ಸರಪಳಿಯು ಒಣಗಿರುವುದು ಹೇಗೆ ಸಾಧ್ಯ?

೪. ನಿಮ್ಮ ಮನೆಯಲ್ಲಿ ಸೋರುವ ವಸ್ತುವೊಂದನ್ನು ಆರಿಸಿಕೊಂಡು, ಏನನ್ನೂ ಮುಟ್ಟದೆ ಒಂದು ದಿನ ಗಮನಿಸಿ, ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆದು ತನ್ನಿರಿ.