ಪುಟ್ಟಿಗೆ, ಹಾರೋಬೆಲೆಯಿಂದ

ಪ್ರೀತಿಯ ಪುಟ್ಟಿ,

ಹಾಸ್ಟೆಲಿನಲ್ಲಿ ನೀನು ಊಟ ಸರಿಯಾಗಿ ಮಾಡುತ್ತಿಲ್ಲವಂತೆ, ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಎದ್ದು ಕೂರುತ್ತೀಯಂತೆ. ನಿನ್ನಮ್ಮ ಹೇಳಿದಳು. ತಪಸ್ಸುಕಾಲಕ್ಕೆಂದು ಬರೆದುಕೊಂಡ ಪಟ್ಟಿಯನ್ನು ಊರಿಗೆ ಬಂದಾಗ ನೀನೇ ತೋರಿಸಿದ್ದೆ. ದಿನಕ್ಕೆ ಮೂರು ಜಪಸರ, ಸಿನಿಮಾ ಹಾಡು ಇಲ್ಲ, ಸಿಹಿ ಇಲ್ಲ, ಟೀ ಇಲ್ಲ, ಶುಕ್ರವಾರ ಬರೀ ನೀರು. ಒಂದು ತಪ್ಪಿದರೆ ಮಾರನೇ ದಿನ ಎರಡರಷ್ಟು! ಮೀಟರ್ ಬಡ್ಡಿಯವರೂ ಇಷ್ಟು ಕಟುವಾಗಿರುವುದಿಲ್ಲ ಕಣೇ.

ನೀನು ಊರಿಗೆ ಬಂದಿದ್ದ ಅವತ್ತು ರಾತ್ರಿ ರೇಷ್ಮೆಹುಳು ಹಣ್ಣಾಗಿತ್ತು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸುತ್ತಿದ್ದವನ್ನು ನೀನೇ ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾ ಇದ್ದೆ. ಆಳು ಬಂದಿರಲಿಲ್ಲ, ಅಮ್ಮನಿಗೆ ಸೊಂಟನೋವು. ತಡವಾದರೆ ಹುಳು ತಟ್ಟೆಯಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ, ರಾಮನಗರ ಮಾರ್ಕೆಟ್ಟಿನಲ್ಲಿ ರೇಟು ಬೀಳುತ್ತದೆ ಎಂದು ಕೋಳಿ ಕೂಗುವವರೆಗೂ ಕೂತಿದ್ದೆ. ಅಷ್ಟು ಮಾಡಿದವಳು ಬೆಳಿಗ್ಗೆ ಅತ್ತದ್ದು ಜಪಸರ ತಪ್ಪಿತು ಅಂತ! ನನ್ನ ಕೇಳಿದರೆ, ಆ ರಾತ್ರಿ ದೇವರು ನಿನ್ನಿಂದ ಕೇಳಿದ್ದನ್ನು ಪೂರಾ ಕೊಟ್ಟಿದ್ದೆ. ಬಾಕಿ ಉಳಿದದ್ದು ನೀನೇ ನಿನ್ನ ಹತ್ತಿರ ಕೇಳಿಕೊಂಡದ್ದು.

ಧರ್ಮಸಭೆ ಕೇಳುವುದಾದರೂ ಎಷ್ಟು? ಉಪವಾಸದ ಕಟ್ಟಳೆ ವರ್ಷಕ್ಕೆ ಎರಡು ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆಗಲೂ ಒಂದು ಹೊತ್ತು ಹೊಟ್ಟೆ ತುಂಬ ಊಟ, ಇನ್ನೆರಡು ಹೊತ್ತು ಒಂದಿಷ್ಟು. ಅದೂ 18 ತುಂಬಿದವರಿಗೆ, 59 ತುಂಬುವ ತನಕ. ನನಗೆ ಎಂದೋ ಬಿಡುಗಡೆಯಾಗಿದೆ. ಇನ್ನು ಭಾನುವಾರಗಳು ತಪಸ್ಸುಕಾಲದ ನಲವತ್ತು ದಿನದ ಲೆಕ್ಕಕ್ಕೇ ಬರುವುದಿಲ್ಲ. ನೀನು ಭಾನುವಾರವೂ ಟೀ ಮುಟ್ಟಲಿಲ್ಲ.

ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ಸರಿಗೂ ತನ್ನನ್ನೇ ಹಿಂಡಿಕೊಳ್ಳುವ ಈ ಕಾಯಿಲೆ ಹಿಡಿದಿತ್ತು, ಗೊತ್ತಾ? 1522ರಲ್ಲಿ, ಸ್ಪೇನಿನ ಮನ್ರೇಸಾದಲ್ಲಿ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿದರೂ ಸಮಾಧಾನವಿಲ್ಲ, ಪ್ರಾಣ ಕಳೆದುಕೊಳ್ಳುವ ಯೋಚನೆವರೆಗೂ ಹೋಯಿತು. ಮನಸ್ಸಿಗೆ ಶಾಂತಿ ಸಿಗುವ ತನಕ ಅನ್ನ ಮುಟ್ಟುವುದಿಲ್ಲವೆಂದು ಭಾನುವಾರದಿಂದ ಭಾನುವಾರಕ್ಕೆ ಉಪವಾಸ ಕೂತರು. ಕೊನೆಗೆ ಪಾಪನಿವೇದನೆ ಕೇಳುವ ಗುರುಗಳೇ ಊಟ ಮಾಡೆಂದು ಅಪ್ಪಣೆ ಮಾಡಬೇಕಾಯಿತು. ಮುಂದೆ ಅವರು ಬರೆದ ಧ್ಯಾನಾಭ್ಯಾಸದ ಪುಸ್ತಕದಲ್ಲಿ ಇಂಥವರಿಗೆಂದೇ ಒಂದು ಉದಾಹರಣೆ ಇದೆ. ಎರಡು ಹುಲ್ಲುಕಡ್ಡಿ ಶಿಲುಬೆಯ ಹಾಗೆ ಬಿದ್ದಿವೆ, ಗೊತ್ತಿಲ್ಲದೆ ತುಳಿದವನು ಪಾಪ ಮಾಡಿದೆನೆಂದು ತೀರ್ಮಾನ ಮಾಡಿಕೊಳ್ಳುತ್ತಾನೆ. ಅಲ್ಲಿ ತಪ್ಪಿರುವುದು ಅವನ ತೀರ್ಮಾನವೇ, ಪಾಪವೇನೂ ಇಲ್ಲ. ರಾಗಿ ಒಕ್ಕುವ ದಿನ ನಮ್ಮ ಕಣದಲ್ಲಿ ಅಂಥ ಶಿಲುಬೆ ಎಷ್ಟು ತುಳಿಯುತ್ತೇವೋ!

ಹಾಗಂತ ನೇಮವೇ ಬೇಡ ಅನ್ನುತ್ತಿಲ್ಲ. ಅದೇ ಯೇಸುಸಭೆಯ, ಇಟಲಿಯ ಚಿನ್ನಾಮಿ ಸ್ವಾಮಿಗಳು 1649ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿದರು. ಕಾವಿ ಉಟ್ಟರು, ಬಾಡು ಬಿಟ್ಟರು, ಕನ್ನಡ ಕಲಿತು ವ್ಯಾಕರಣವನ್ನೂ ಬರೆದರು. ಬಾಡು ತಿಂದರೆ ಪಾಪವೆಂದಲ್ಲ, ಇಲ್ಲಿಯ ಜನ ಹತ್ತಿರ ಬರಲಿ ಎಂದು. ಬಿಟ್ಟದ್ದು ಇನ್ನೊಬ್ಬರಿಗಾಗಿ ಆದ್ದರಿಂದ ಅದು ಅವರಿಗೆ ಭಾರವಾಗಿರಲಾರದು. ನೀನು ಟೀ ಬಿಟ್ಟದ್ದು ಯಾರಿಗಾಗಿ? ಆ ದುಡ್ಡು ಯಾರಿಗಾದರೂ ಸೇರುತ್ತಿದೆಯೆ? ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರ ಒಮ್ಮೆ ಕೂತು ಓದು, ಆರೇ ಅಧ್ಯಾಯ. ಬಿಡುಗಡೆಯಾದವರು ಮತ್ತೆ ನೊಗಕ್ಕೆ ಹೆಗಲು ಕೊಡುತ್ತಾರಲ್ಲ ಎಂದು ಎಷ್ಟು ಸಿಟ್ಟಾಗಿದ್ದಾರೆ! ಆತ್ಮದ ಫಲಗಳನ್ನು ಎಣಿಸುವಾಗ ಪ್ರೀತಿಯ ಬೆನ್ನಿಗೇ ಆನಂದವನ್ನು ಇಟ್ಟವರೂ ಅವರೇ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಕ್ರಿಸ್ಮಸ್ಸಿನಿಂದ ನೀನು ನಿನ್ನ ಸೋದರತ್ತೆಯ ಹತ್ತಿರ ಮಾತು ಬಿಟ್ಟಿದ್ದೀಯ. ಪಟ್ಟಿಯಲ್ಲಿ ಅತ್ತೆಯ ಹೆಸರು ಹುಡುಕಿದೆ, ಕಾಣಲಿಲ್ಲ. ಟೀ ಬಿಡುವುದು ಸುಲಭ, ಲೆಕ್ಕಕ್ಕೂ ಸಿಗುತ್ತದೆ. ಅತ್ತೆಗೆ ಫೋನು ಮಾಡುವುದು ಕಷ್ಟ.

ಆ ಪಟ್ಟಿಯಲ್ಲಿರುವುದೆಲ್ಲ ಹರಕೆ ಹೊತ್ತದ್ದೋ, ನೀನೇ ಮಾಡಿಕೊಂಡ ತೀರ್ಮಾನವೋ? ತೀರ್ಮಾನ ಅಷ್ಟೇ ಆಗಿದ್ದರೆ, ಮುರಿದರೆ ಪಾಪವಲ್ಲ. ಹರಕೆಯೇ ಆಗಿದ್ದರೂ ತಕ್ಕ ಕಾರಣವಿದ್ದರೆ ಬಿಡಿಸುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ, ಧರ್ಮಸಭೆಯ ಕಾನೂನಿನಲ್ಲೇ ಇದೆ. ಹೋಗಿ ಕೇಳು. ಆಮೇಲೂ ನಿದ್ದೆ ಬಾರದೆ ಮನಸ್ಸು ಅಲ್ಲೇ ಗಿರಕಿ ಹೊಡೆಯುತ್ತಿದ್ದರೆ ಡಾಕ್ಟರಿಗೂ ತೋರಿಸು, ನರ್ಸಿಂಗ್ ಓದುವವಳಿಗೆ ನಾನು ಹೇಳಬೇಕೆ?

ಶುಭ ಶುಕ್ರವಾರಕ್ಕೆ ಬಂದುಬಿಡು, ನಮ್ಮೂರ ಕಪಾಲಬೆಟ್ಟ ಹತ್ತೋಣ. ನನ್ನ ಮಂಡಿಗೆ ನಿನ್ನ ಭುಜ ಬೇಕು. ಪಾಸ್ಕ ಹಬ್ಬಕ್ಕೆಂದು ನಿನ್ನಜ್ಜಿ ಒಂದು ನಾಟಿ ಹುಂಜ ಕಟ್ಟಿ ಮೇಯಿಸುತ್ತಿದ್ದಾಳೆ, ಅತ್ತೆಯನ್ನೂ ಕರೆದಿದ್ದಾಳೆ. ನನಗೆ ಬೇಡ ಅನ್ನುವುದಾದರೆ ಅಜ್ಜಿಗೆ ನೀನೇ ಹೇಳಬೇಕು, ನಾನಂತೂ ಹೇಳಲಾರೆ.

ನಿನ್ನ ತಾತ