ಸರಾಸರಿಯೆಂಬ ಗೆರೆ: ನಾಗನಗೌಡ ಸಮಿತಿಯ ಮಾನದಂಡವನ್ನು ಕುರಿತು

ಸಮುದಾಯಗಳ ನಡುವಣ ಅಸಮಾನತೆಯನ್ನು ಅಂಕಿಗಳಲ್ಲಿ ಹಿಡಿದಿಡುವ ಪ್ರಯತ್ನಕ್ಕೆ ನಮ್ಮಲ್ಲಿ ದೀರ್ಘ ಇತಿಹಾಸವಿದೆ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಬ್ರಾಹ್ಮಣೇತರ ಸಮುದಾಯಗಳನ್ನು ಒಟ್ಟಾಗಿ ಹಿಂದುಳಿದವೆಂದು ಪರಿಗಣಿಸಿತ್ತು. ಈ ಒಟ್ಟು ರಾಶಿಯೊಳಗಿನ ಏರುತಗ್ಗುಗಳನ್ನು ಬಿಡಿಸಿ ನೋಡುವ ಹೊಣೆ 1960ರಲ್ಲಿ ರಚಿತವಾದ ನಾಗನಗೌಡ ಸಮಿತಿಯ ಪಾಲಿಗೆ ಬಂದಿತು.

ಸಮಿತಿಯ ಶೈಕ್ಷಣಿಕ ಮಾನದಂಡ ಮೇಲ್ನೋಟಕ್ಕೆ ಸರಳವಾದುದು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವವರು ಆಯಾ ಸಮುದಾಯದ ಸಾವಿರ ಜನರಿಗೆ ಎಷ್ಟು ಮಂದಿ ಎಂಬುದೇ ಪ್ರಶ್ನೆ. ರಾಜ್ಯದ ಸರಾಸರಿ 6.9. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ಸಮುದಾಯ.

ಇಲ್ಲಿ ವಿದ್ಯಾರ್ಥಿಗಳನ್ನು ಎಣಿಸಬಹುದಿತ್ತು, ಜನಸಂಖ್ಯೆಯನ್ನು ಅಂದಾಜಿಸಬೇಕಾಗಿತ್ತು. ಏಕೆಂದರೆ 1951ರ ಜನಗಣತಿಯ ವೇಳೆಗೆ ಪರಿಶಿಷ್ಟ ಜಾತಿ, ಪಂಗಡಗಳ ಹೊರತು ಉಳಿದ ಜಾತಿಗಳ ಎಣಿಕೆ ನಿಂತುಹೋಗಿತ್ತು. ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಂದು ಸಮುದಾಯದ 700 ಮಕ್ಕಳು ಆ ತರಗತಿಗಳಲ್ಲಿದ್ದಾರೆನ್ನೋಣ. ಜನಸಂಖ್ಯೆ ಒಂದು ಲಕ್ಷವೆಂದು ಹಿಡಿದರೆ ದರ 7.0, ಸಮುದಾಯ ಮುಂದುವರಿದದ್ದು. ನಿಜವಾದ ಸಂಖ್ಯೆ 1,05,000 ಆಗಿದ್ದರೆ ದರ 6.67, ಅದೇ ಸಮುದಾಯ ಹಿಂದುಳಿದದ್ದು. ಶಾಲೆಯಲ್ಲಿ ಒಂದು ಮಗುವೂ ಹೆಚ್ಚಿಲ್ಲ, ಕಡಿಮೆಯಾಗಿಲ್ಲ.

1962ರ ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶೇ. 68ರ ಮೀಸಲಾತಿಯನ್ನು ರದ್ದುಗೊಳಿಸಿದ್ದು ಸರ್ವವಿದಿತ. ಅದೇ ತೀರ್ಪು ಈ ಅಳತೆಯನ್ನೂ ಪರಿಶೀಲಿಸಿದ್ದು ಅಷ್ಟಾಗಿ ಚರ್ಚೆಯಾಗಿಲ್ಲ. ಸರಾಸರಿಯ ಆಸುಪಾಸಿನಲ್ಲಿರುವ ಸಮುದಾಯಗಳನ್ನು ಹಿಂದುಳಿದವೆನ್ನಲಾಗದು, ಸರಾಸರಿಯ ಅರ್ಧಕ್ಕಿಂತಲೂ ಕೆಳಗಿರುವವು ನಿಸ್ಸಂದೇಹವಾಗಿ ಹಿಂದುಳಿದವು ಎಂಬುದು ನ್ಯಾಯಾಲಯದ ನಿಲುವು. ಅಂದಾಜಿನ ಸಣ್ಣ ತಪ್ಪು ಒಂದು ಸಮುದಾಯದ ಭವಿಷ್ಯವನ್ನು ನಿರ್ಧರಿಸಬಾರದೆಂಬ ದೃಷ್ಟಿಯಿಂದ ಇದು ಸರಿಯೆಂದೇ ನನ್ನ ಭಾವನೆ. ಆದರೆ ಅರ್ಧ ಎಂಬುದೂ ಒಂದು ಗೆರೆಯೇ. 3.4 ಮತ್ತು 3.5ರ ನಡುವೆ ಬದುಕಿನ ಅಂತರವೇನೂ ಇರಲಾರದು.

ಇದಕ್ಕಿಂತ ಗಂಭೀರವಾದ ಮಿತಿ ಇನ್ನೊಂದಿದೆ. ಸಮುದಾಯದ ದರ ಸಮುದಾಯದ ಒಳಗನ್ನು ಕಾಣಿಸುವುದಿಲ್ಲ. ಸಾವಿರಕ್ಕೆ ಐವರೆಂದಾಗ ಆ ಐವರೂ ಪಟ್ಟಣದ ಕೆಲವೇ ಮನೆತನಗಳ ಗಂಡುಮಕ್ಕಳಾಗಿರಬಹುದು. ಊರೂರಿಗೆ ಹಂಚಿಹೋದ ಹುಡುಗ ಹುಡುಗಿಯರೂ ಆಗಿರಬಹುದು. ಅಂಕಿ ಎರಡನ್ನೂ ಒಂದೇ ಎನ್ನುತ್ತದೆ. 1972ರಲ್ಲಿ ನೇಮಕಗೊಂಡ ಹಾವನೂರು ಆಯೋಗವು ಓದುತ್ತಿರುವವರ ಬದಲು ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರನ್ನು ಎಣಿಸಿತು. ಇದರಿಂದ ನಡುವೆ ಶಾಲೆ ಬಿಟ್ಟವರೂ ಅನುತ್ತೀರ್ಣರಾದವರೂ ಲೆಕ್ಕದಿಂದ ಹೊರಗುಳಿದು, ಅಳತೆ ಇನ್ನಷ್ಟು ನಿಷ್ಠುರವಾಯಿತು. ಆದರೂ ದರವು ಸಮುದಾಯಕ್ಕೆ ಒಂದೇ ಆಗಿ ಉಳಿಯಿತು.